ರೀಡರ್ ಬಿಚ್ಚಿದರೆ ಬಾಗಿಲು ತೆರೆಯುತ್ತದೆಯೇ?

ಪ್ರಶ್ನೆ: ಜಯನಗರದ ನಮ್ಮ ಕಚೇರಿ ಬಾಗಿಲಿಗೆ 12 ವೋಲ್ಟಿನ ಮ್ಯಾಗ್ನೆಟಿಕ್ ಲಾಕ್ ಇದೆ. ಹೊರಗಿನ ಕಾರ್ಡ್ ರೀಡರನ್ನು ಯಾರಾದರೂ ಕಿತ್ತರೆ ಬಾಗಿಲು ತೆರೆದುಕೊಳ್ಳುತ್ತದೆಯೇ?

ಉತ್ತರ: ರಿಲೇ (ಲಾಕಿನ ಕರೆಂಟನ್ನು ಕಡಿಯುವ ಸ್ವಿಚ್) ಆ ರೀಡರಿನೊಳಗೇ ಇದ್ದರೆ ಖಂಡಿತ. ಲಾಕಿನ ತಂತಿ ಕತ್ತರಿಸಿದರೆ ಸಾಕು, ಕರೆಂಟು ಹೋಗಿ ಅಯಸ್ಕಾಂತ ಬಿಟ್ಟುಕೊಡುತ್ತದೆ. ಒಳಗಿನಿಂದ ಬಾಗಿಲು ತೆರೆಯುವ ಎಕ್ಸಿಟ್ ಬಟನ್ನಿನ ತಂತಿಯನ್ನಂತೂ ಎಲ್ಲರೂ ಮರೆಯುತ್ತಾರೆ. ಅದರ ಎರಡು ತುದಿ ಕೂಡಿಸಿದರೂ ಅದೇ ಕಥೆ.

ಕಂಟ್ರೋಲರ್ (ಕಾರ್ಡ್ ಪರಿಶೀಲಿಸಿ ರಿಲೇ ನಡೆಸುವ ಪೆಟ್ಟಿಗೆ), ಪವರ್ ಸಪ್ಲೈ, ಬಟನ್ನಿನ ತಂತಿ ಎಲ್ಲವೂ ಒಳಗಿರಲಿ. ಹೊರಗೆ ಕಾರ್ಡಿನ ಸಂಖ್ಯೆಯನ್ನು ಕಂಟ್ರೋಲರಿಗೆ ಕಳಿಸುವ ಬರಿಯ ವೀಗಂಡ್ ರೀಡರ್ ಸಾಕು: ಪವರಿಗೆ 2, ಡೇಟಾಗೆ 2 ತಂತಿ. ಡೇಟಾ ತಂತಿ ಕೂಡಿಸಿದರೆ ಬಾಗಿಲು ತೆರೆಯದು; ಆದರೆ ರೀಡರಿಗೂ ಲಾಕಿಗೂ ಒಂದೇ ಪವರ್ ಸಪ್ಲೈ ಇದ್ದರೆ, ಪವರಿನ ತಂತಿ ಕೂಡಿಸಿದಾಗ ಲಾಕಿನ ಕರೆಂಟೂ ಹೋಗಿ ತೆರೆದೀತು. ಲಾಕಿನ ಪಕ್ಕದಲ್ಲೇ, ಅದರ ಪ್ಲಸ್ ಮೈನಸ್ ತಂತಿಗಳ ನಡುವೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿಸಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. ಉಲ್ಟಾ ಹಾಕಿದರೆ ನೇರ ಶಾರ್ಟ್; ಹಾಕದಿದ್ದರೆ ಕಿಡಿ ಹಾರಿ ರಿಲೇಯ ಕಾಂಟ್ಯಾಕ್ಟ್ ಸವೆಯುತ್ತದೆ.