ತಜ್ಞರು ಮಾತಿಗೆ ಸಿಗದಿದ್ದರೆ

ಆರು ತಿಂಗಳಿಂದ ಕಾಫಿ ಸಲಹೆ ಬರೆದರೂ ಮಡಿಕೇರಿಯಾಚೆಯ ಒಬ್ಬ ತಜ್ಞರೂ ಮಾತಿಗೆ ಸಿಕ್ಕಿಲ್ಲ ಎಂದಿದ್ದೀರಿ. ಬಹುಶಃ ನೀವು ಬರೀ ತೀರ್ಪು ಬರೆಯುತ್ತಿದ್ದೀರಿ. ಮುಗಿದ ಮಾತಿಗೆ ಯಾರು ಏನು ಸೇರಿಸಿಯಾರು?

ಮೊದಲು ವಿಷಯ ಕಿರಿದಾಗಿಸಿ. ‘ಕಾಂಡಕೊರಕ (ಕಾಫಿ ಗಿಡದ ಕಾಂಡ ಕೊರೆಯುವ ಹುಳು) ನಿಯಂತ್ರಣ’ ಎಂಬಷ್ಟು ದೊಡ್ಡದು ಬೇಡ. ನೆರಳು ಕಡಿದ ಅರೇಬಿಕಾ ಸಾಲಿನಲ್ಲಿ 100 ಗಿಡ ನೋಡಿ, ಎಷ್ಟರ ಕಾಂಡದ ಮೇಲೆ ಹುಳು ಕೊರೆದ ಗುರುತಾದ ಉಬ್ಬುಗೆರೆ ಇದೆ ಎಂದು ಎಣಿಸಿ ಬರೆಯಿರಿ. ನೆರಳಿನ ಮರ ಯಾವುದು, ಯಾವ ತಿಂಗಳು ಎಂಬುದೂ ಇರಲಿ. ಈ ಹುಳು ಬೆಳೆದು ದುಂಬಿಯಾಗಿ ಹಾರುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್ ನಂತರ, ಹಾಗಾಗಿ ದಿನಾಂಕವಿಲ್ಲದ ಎಣಿಕೆ ದಂಡ. ಕೊನೆಗೆ ನಿಮಗೇ ಬಗೆಹರಿಯದ ಒಂದೇ ಪ್ರಶ್ನೆ ಇಡಿ.

ಅದನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೂ, ಇದೇ ಕೀಟದ ಬಗ್ಗೆ ಬರೆಯುವ ಇಬ್ಬರಿಗೂ ಬೇರೆಬೇರೆಯಾಗಿ ಕಳಿಸಿ. ವಾಟ್ಸಾಪ್ ಗುಂಪಿಗೆ ಹಾಕಿದರೆ ‘ಶುಭೋದಯ’ಗಳಡಿ ಮುಳುಗುತ್ತದೆ. ಬಂದ ತಿದ್ದುಪಡಿಯನ್ನು, ಒಪ್ಪಿದರೆ ಅವರ ಹೆಸರಿನೊಂದಿಗೆ, ಮುಂದಿನ ಬರಹದಲ್ಲಿ ಸೇರಿಸಿ, ಅವರಿಗೇ ಮೊದಲು ತೋರಿಸಿ.