ಸೂಜಿ ಚುಚ್ಚಿತು, ಈಗೇನು? ನರ್ಸ್‌ಗಳ ಪ್ರಶ್ನೆ, ನಮ್ಮ ಉತ್ತರ

ನೈಟ್ ಡ್ಯೂಟಿಯಲ್ಲಿ ಕ್ಯಾನ್ಯುಲಾ (ಡ್ರಿಪ್ಪಿಗೆ ರಕ್ತನಾಳದಲ್ಲಿಡುವ ನಳಿಕೆ) ಹಾಕಿ ಸೂಜಿ ಹೊರಗೆಳೆಯುವಾಗ ರೋಗಿ ಕೈ ಕೊಸರಿದರು. ಸೂಜಿ ನನ್ನ ತೋರುಬೆರಳಿಗೆ ಚುಚ್ಚಿತು. ರಕ್ತ ಹಿಂಡಿ, ಸ್ಪಿರಿಟ್ ಹಚ್ಚಿದೆ. ಇನ್‌ಚಾರ್ಜ್ ಸಿಸ್ಟರ್ ಬೈತಾರೆ ಅಂತ ಯಾರಿಗೂ ಹೇಳಲಿಲ್ಲ. ಮೂರು ವಾರ ಆಯ್ತು, ನಿದ್ದೆ ಬರ್ತಿಲ್ಲ.
– ಸ್ಟಾಫ್ ನರ್ಸ್, ಹಾಸನ ಜಿಲ್ಲೆ

ಎಚ್‌ಐವಿ ತಡೆಯುವ ಪೆಪ್ ಮಾತ್ರೆಗೆ 72 ಗಂಟೆಯ ಗಡುವಿದೆ, ಅದು ದಾಟಿಹೋಗಿದೆ. ಪರೀಕ್ಷೆಗಳಿಗೆ ಮಾತ್ರ ತಡವಾಗಿಲ್ಲ. ಈ ವಾರವೇ ಎಚ್‌ಐವಿ, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕಿದೆಯೇ ಎಂದು ತಿಳಿಯಲು), ಆಂಟಿ-ಎಚ್‌ಬಿಎಸ್ (ಅದರ ವಿರುದ್ಧ ರಕ್ಷಣೆ ಇದೆಯೇ ಎಂದು ತಿಳಿಯಲು), ಹೆಪಟೈಟಿಸ್ ಸಿ ನಾಲ್ಕನ್ನೂ ಮಾಡಿಸಿ. ಆಮೇಲೆ ಚುಚ್ಚಿದ ದಿನದಿಂದ ಲೆಕ್ಕ ಹಾಕಿ 6 ವಾರ, 3 ತಿಂಗಳು, 6 ತಿಂಗಳಿಗೆ ಎಚ್‌ಐವಿ ಪರೀಕ್ಷೆ. ಅಲ್ಲಿಯವರೆಗೆ ರಕ್ತದಾನ ಬೇಡ, ಕಾಂಡೋಮ್ ಬಳಸಿ.

ಭಯಕ್ಕೊಂದು ಅಳತೆ ಇರಲಿ. ಎಚ್‌ಐವಿ ಇರುವವರಿಗೆ ಹಾಕಿದ ಸೂಜಿಯೇ ಚುಚ್ಚಿದರೂ ಸೋಂಕು ತಗಲುವುದು ಸುಮಾರು ಸಾವಿರದಲ್ಲಿ ಮೂವರಿಗೆ. ಹೆಪಟೈಟಿಸ್ ಬಿ ಹಾಗಲ್ಲ: ರೋಗಿಗೆ ಅದಿದ್ದು ನೀವು ಲಸಿಕೆ ಹಾಕಿಸಿಕೊಂಡಿರದಿದ್ದರೆ ನೂರರಲ್ಲಿ 6ರಿಂದ 30. ವಾರ್ಡಿನಲ್ಲಿ ಎಲ್ಲರೂ ಹೆದರುವುದು ಎಚ್‌ಐವಿಗೆ, ಹೆದರಬೇಕಾದದ್ದು ಇದಕ್ಕೆ.

ಇನ್ನೊಮ್ಮೆ ಹೀಗಾದರೆ ಗ್ಲೌಸ್ ಕಳಚಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಅಷ್ಟೇ. ಹಿಂಡಬೇಡಿ, ಬೆರಳನ್ನು ಬಾಯಿಗಿಡಬೇಡಿ, ಸ್ಪಿರಿಟ್, ಬ್ಲೀಚ್ ಸುರಿಯಬೇಡಿ. ಅವುಗಳಿಂದ ಚರ್ಮಕ್ಕೆ ಇನ್ನಷ್ಟು ಗಾಯವಾಗುತ್ತದೆ, ಲಾಭವಿಲ್ಲ. ತೊಳೆದ ಕೂಡಲೇ ಡ್ಯೂಟಿ ಡಾಕ್ಟರಿಗೆ ತಿಳಿಸಿ, ರಿಜಿಸ್ಟರಿನಲ್ಲಿ ಗಂಟೆ ಸಮೇತ ಬರೆಸಿ. ಪೆಪ್ ಬೇಕೆಂದಾದರೆ ಮೊದಲ ಮಾತ್ರೆ 2 ಗಂಟೆಯೊಳಗೆ ನುಂಗುವುದು ಒಳ್ಳೆಯದು. ರೋಗಿಯ ರಿಪೋರ್ಟು ಬೆಳಿಗ್ಗೆ ಬರಲಿ ಎಂದು ಕಾಯಬೇಡಿ. ನೆಗೆಟಿವ್ ಬಂದರೆ ವೈದ್ಯರನ್ನು ಕೇಳಿ ನಿಲ್ಲಿಸಿದರಾಯಿತು. ನಮ್ಮಲ್ಲಿ ಈಗ ಕೊಡುವುದು ಟೆನೋಫೋವಿರ್ 300, ಲ್ಯಾಮಿವುಡಿನ್ 300, ಡೋಲುಟೆಗ್ರಾವಿರ್ 50 ಮಿ.ಗ್ರಾಂ, ದಿನಕ್ಕೊಮ್ಮೆ, 28 ದಿನ. ಐರನ್, ಕ್ಯಾಲ್ಸಿಯಂ ಮಾತ್ರೆ ಅಥವಾ ಹೊಟ್ಟೆಯುರಿಯ ಆಂಟಾಸಿಡ್ ತೆಗೆದುಕೊಳ್ಳುವವರು ಎಚ್ಚರ: ಅವು ಡೋಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಪೆಪ್ ಮಾತ್ರೆಯನ್ನು ಅವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಿ.

2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಸಿಬ್ಬಂದಿಗೆ ಪೆಪ್ ಒದಗಿಸುವುದು ಆಸ್ಪತ್ರೆಯ ಹೊಣೆ. ಬೈಗುಳಕ್ಕೆ ಹೆದರಿ ಅದನ್ನು ಬಿಟ್ಟುಕೊಡಬೇಡಿ. ಸೂಜಿ ಹಾಕುವ ಬಿಳಿ ಡಬ್ಬಿಯನ್ನು ಹಾಸಿಗೆಯ ಪಕ್ಕಕ್ಕೇ ತಂದಿಟ್ಟುಕೊಂಡು ಕ್ಯಾನ್ಯುಲಾ ಹಾಕಿ. ಡಬ್ಬಿ ವಾರ್ಡಿನ ಆ ತುದಿಯಲ್ಲಿದ್ದರೆ ಸೂಜಿ ಹಿಡಿದು ನಡೆಯಬೇಕು, ಇಲ್ಲವೇ ಕಿಡ್ನಿ ಟ್ರೇಯಲ್ಲಿ ಹತ್ತಿಯಡಿ ಬಿಡಬೇಕು. ಆಮೇಲೆ ಅದು ಚುಚ್ಚುವುದು ಟ್ರೇ ತೊಳೆಯುವ ಆಯಾಗೆ. ಡಬ್ಬಿ ಮುಕ್ಕಾಲು ತುಂಬಿತೆಂದರೆ ಬದಲಿಸಿ. ಮೇಲಿಂದ ಒತ್ತಿ ಜಾಗ ಮಾಡುವುದು ಅಪಾಯ.

ಹೆಪಟೈಟಿಸ್ ಬಿ ಎರಡು ಡೋಸ್ ಆಗಿದೆ. ಮೂರನೆಯದು ತಪ್ಪಿ ಎರಡು ವರ್ಷವಾಯಿತು. ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳಬೇಕೆ?
– ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು

ಬೇಡ. ಮೂರನೆಯದನ್ನು ಈಗ ಹಾಕಿಸಿಕೊಳ್ಳಿ, ಹಿಂದಿನ ಎರಡೂ ಲೆಕ್ಕಕ್ಕಿವೆ. ತೋಳಿಗೇ ಹಾಕಿಸಿಕೊಳ್ಳಿ, ಪೃಷ್ಠಕ್ಕೆ ಹಾಕಿದರೆ ಲಸಿಕೆ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಹತ್ತುವುದಿಲ್ಲ. ಅದಾಗಿ ಒಂದರಿಂದ ಎರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಟೈಟರ್, ಅಂದರೆ ರಕ್ತದಲ್ಲಿ ರಕ್ಷಣೆಯ ಪ್ರತಿಕಾಯ ಎಷ್ಟಿದೆ ಎಂದು ನೋಡಿಸಿ. 10 mIU/ml ಅಥವಾ ಹೆಚ್ಚಿದ್ದರೆ ಸಾಕು, ಆ ರಿಪೋರ್ಟನ್ನು ಜೋಪಾನವಾಗಿಡಿ. ಮುಂದೆಂದೋ ಟೈಟರ್ 10ಕ್ಕಿಂತ ಇಳಿದರೂ ರಕ್ಷಣೆ ಉಳಿದಿರುತ್ತದೆ. ಈಗಲೇ 10 ಮುಟ್ಟದಿದ್ದರೆ ಇನ್ನೊಂದು ಸುತ್ತು ಬೇಕು.

ಹ್ಯಾಂಡ್‌ರಬ್ ಹಚ್ಚಿದರೆ ಕೈ ಬೆಂಕಿಯಂತೆ ಉರಿಯುತ್ತದೆ. ಅದಕ್ಕೇ ಸೋಪಿನಲ್ಲೇ ತೊಳೆಯುತ್ತಿದ್ದೇನೆ. ಆದರೂ ಬೆರಳ ಸಂದಿ ಬಿರಿಯುತ್ತಿದೆ.
– ಡಯಾಲಿಸಿಸ್ ಯುನಿಟ್, ಕಲಬುರಗಿ

ಉರಿ ಹ್ಯಾಂಡ್‌ರಬ್ಬಿನದು, ಬಿರುಕು ಹೆಚ್ಚಾಗಿ ಸೋಪಿನದು. ಚರ್ಮದ ಜಿಡ್ಡನ್ನು ತೊಳೆದು ಹಾಕುವುದು ಸೋಪು, ಅದರಲ್ಲೂ ಬಿಸಿನೀರಿನ ಜೊತೆ. ಬಿರಿದ ಜಾಗಕ್ಕೆ ಆಲ್ಕೋಹಾಲ್ ತಾಗಿ ಉರಿಯುತ್ತದೆ, ನಾವು ಅದನ್ನೇ ದೂರುತ್ತೇವೆ. ಕಣ್ಣಿಗೆ ಕಾಣುವ ಕೊಳೆ, ರಕ್ತ, ಭೇದಿಯ ರೋಗಿ ಇದ್ದಾಗ ಮಾತ್ರ ಸೋಪು. ಉಳಿದಂತೆ ಗ್ಲಿಸರಿನ್ ಇರುವ ರಬ್, ಸುಮಾರು 3 ಮಿ.ಲೀ., 20ರಿಂದ 30 ಸೆಕೆಂಡು. ತೊಳೆದ ಬೆನ್ನಿಗೇ ರಬ್ ಹಚ್ಚುವ ಅಭ್ಯಾಸ ಬಿಡಿ. ಒದ್ದೆ ಕೈಗೆ ಗ್ಲೌಸ್ ಏರಿಸಬೇಡಿ. ಒಳಗೆ ಬೆವತು ಚರ್ಮ ಮೆತ್ತಗಾಗಿ ಬೇಗ ಒಡೆಯುತ್ತದೆ.

ವ್ಯಾಸಲೀನ್ ರಾತ್ರಿಗೆ, ಹತ್ತಿಯ ಗ್ಲೌಸ್ ಒಳಗೆ. ಡ್ಯೂಟಿಯಲ್ಲಿ ಬೇಡ, ಎಣ್ಣೆಯಂಶ ಲ್ಯಾಟೆಕ್ಸ್ ಗ್ಲೌಸನ್ನು ದುರ್ಬಲ ಮಾಡುತ್ತದೆ. ಮೆಡಿಕಲ್ ಸ್ಟೋರಿನ ಕ್ಲೋಬೆಟಾಸೋಲ್ ಎಂಬ ಸ್ಟೀರಾಯ್ಡ್ ಟ್ಯೂಬನ್ನು ನೀವೇ ತಂದು ಹಚ್ಚಬೇಡಿ: ಎರಡು ದಿನ ವಾಸಿಯಾದಂತೆ ಕಂಡು, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ. ಮೂರ್ನಾಲ್ಕು ವಾರದಲ್ಲಿ ಇಳಿಯದಿದ್ದರೆ, ಅಥವಾ ತುರಿಕೆ ಗ್ಲೌಸಿನ ಅಂಚು ಮುಗಿಯುವ ಮಣಿಕಟ್ಟಿನಲ್ಲೇ ನಿಂತಿದ್ದರೆ, ಚರ್ಮದ ವೈದ್ಯರಲ್ಲಿ ಪ್ಯಾಚ್ ಟೆಸ್ಟ್ (ಯಾವುದಕ್ಕೆ ಅಲರ್ಜಿ ಎಂದು ಹುಡುಕುವ ಪರೀಕ್ಷೆ) ಮಾಡಿಸಿ.

ಕೆಳಕ್ಕೆ ಜಾರಿದ ರೋಗಿಯನ್ನು ದಿಂಬಿನತ್ತ ಎಳೆದು ಎಳೆದು ಸೊಂಟ ಹಿಡಿದಿದೆ. ಬೆಲ್ಟ್ ಕಟ್ಟಿಕೊಳ್ಳಲೇ?
– ಆರ್ಥೋ ವಾರ್ಡ್, ಹುಬ್ಬಳ್ಳಿ

ಬೆಲ್ಟ್ ಸೊಂಟವನ್ನು ಕಾಯುವುದಿಲ್ಲ, ಸುಳ್ಳು ಧೈರ್ಯ ಕೊಡುತ್ತದೆ. ಮಂಚದ ತಲೆಭಾಗವನ್ನು ಸಮ ಮಾಡಿ, ಚಕ್ರದ ಬ್ರೇಕ್ ಹಾಕಿ, ಹಾಸಿಗೆಯನ್ನು ನಿಮ್ಮ ಸೊಂಟದೆತ್ತರಕ್ಕೆ ಏರಿಸಿ. ಹಾಸಿಗೆ ಏರಿಸದಿರುವುದೇ ಅರ್ಧ ನೋವಿನ ಕಾರಣ. ತಲೆಭಾಗ ಎತ್ತಿಯೇ ಎಳೆದರೆ ಗುಡ್ಡ ಹತ್ತಿಸಿದ ಹಾಗೆ. ಮಡಿಸಿದ ಡ್ರಾಶೀಟನ್ನು (ರೋಗಿಯ ಅಡಿಗೆ ಹಾಸುವ ಅಡ್ಡ ಬಟ್ಟೆ) ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿ, ಇಬ್ಬರು ಎರಡು ಬದಿಗೆ ನಿಂತು, ಅಂಚನ್ನು ರೋಗಿಯ ಮೈಗೆ ಹತ್ತಿರದಲ್ಲಿ ಸುತ್ತಿ ಹಿಡಿಯಿರಿ. ರೋಗಿಗೆ ಗದ್ದ ಎದೆಗೆ ತಾಗಿಸಿ, ಆಪರೇಷನ್ ಆಗದ ಕಾಲಿನ ಮಂಡಿ ಮಡಿಸಿ ಹಿಮ್ಮಡಿ ಒತ್ತಲು ಹೇಳಿ. ಮೂರೆಣಿಸಿ ಜಾರಿಸಿ, ಎತ್ತಬೇಡಿ. ಒಬ್ಬರ ಪಾಲಿಗೆ 16 ಕೆ.ಜಿ.ಗಿಂತ ಹೆಚ್ಚು ಭಾರ ಬರುವಂತಿದ್ದರೆ ಮೂರನೆಯವರನ್ನೋ ಲಿಫ್ಟ್ ಇದ್ದರೆ ಅದನ್ನೋ ಕರೆಸಿ. ರೋಗಿ ನಿಮ್ಮ ಕತ್ತು ತಬ್ಬಿಕೊಳ್ಳಲು ಬಿಡಲೇಬೇಡಿ. ನೋವು ಕಾಲಿಗಿಳಿದು ಪಾದ ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ಮೂತ್ರ ಕಟ್ಟಿದರೆ ಅಂದೇ ತುರ್ತು ವಿಭಾಗಕ್ಕೆ ಹೋಗಿ.

ನೈಟ್ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಕಣ್ಣು ಎಳೆಯುತ್ತದೆ. ಟೀ ಕುಡಿದರೂ ಅಷ್ಟೇ.
– ಐಸಿಯು ಬ್ರದರ್, ಬೆಂಗಳೂರು

ಕೊನೆಯ ಟೀಯನ್ನು ಬೆಳಗಿನ 3ಕ್ಕೇ ಮುಗಿಸಿ. ಹೊರಡುವಾಗ ಕುಡಿದರೆ ಅದು ಕೆಡಿಸುವುದು ಮನೆಯ ನಿದ್ದೆಯನ್ನು. ವಾರ್ಡಿನಲ್ಲಿ ಸರದಿಯ ಮೇಲೆ 20 ನಿಮಿಷ ಮಲಗಲು ಬಿಟ್ಟರೆ ಮಲಗಿ, ಎದ್ದು ಕಾಲು ಗಂಟೆ ಬಿಟ್ಟು ಇಂಜೆಕ್ಷನ್ ಲೋಡ್ ಮಾಡಿ. ಕಣ್ಣು ಎಳೆಯುವ ದಿನ ಸ್ಕೂಟರನ್ನು ಆಸ್ಪತ್ರೆಯ ಸ್ಟ್ಯಾಂಡಿನಲ್ಲೇ ಬಿಟ್ಟು ಬಸ್ಸಿನಲ್ಲಿ ಬನ್ನಿ.