ಎಕ್ಸೋಸೋಮ್ ಸೂಜಿಗೆ ಮುಖ ಕೊಡುವ ಮುನ್ನ

ದಾವಣಗೆರೆ, ಹರಿಹರ, ಚಳ್ಳಕೆರೆ, ಹಿರಿಯೂರು ಕಡೆಯಿಂದ ಬರುವ ಪತ್ರಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ. ಮುಖ ದಿನಕ್ಕೆ ಎಷ್ಟು ಸಲ ತೊಳೆಯಬೇಕು, ಯಾವ ಸೋಪು ಒಳ್ಳೆಯದು ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನನಗೆ 51 ವರ್ಷ, ಶಿಕ್ಷಕಿ. ಫೆಬ್ರವರಿಯಲ್ಲಿ ಮಗಳ ಮದುವೆ. ಕೆನ್ನೆ ಇಳಿದಿದೆ, ಕಣ್ಣಿನ ಸುತ್ತ ಗೆರೆ ಬಿದ್ದಿವೆ. ಹೊಸದಾಗಿ ತೆರೆದ ಒಂದು ಸ್ಕಿನ್ ಕ್ಲಿನಿಕ್‌ನವರು ಪಿಆರ್‌ಪಿ ಜೊತೆ ಎಕ್ಸೋಸೋಮ್ ಇಂಜೆಕ್ಷನ್ ಕೊಡ್ತೀವಿ, ಸ್ಟೆಮ್ ಸೆಲ್‌ನಿಂದ ತೆಗೆದದ್ದು, ಚರ್ಮ ಹತ್ತು ವರ್ಷ ಹಿಂದಕ್ಕೆ ಹೋಗುತ್ತೆ ಅಂತಾರೆ. ನಾಲ್ಕು ಸಿಟ್ಟಿಂಗ್‌ನ ದುಡ್ಡು ಒಟ್ಟಿಗೇ ಕಟ್ಟಿದರೆ ರಿಯಾಯಿತಿಯಂತೆ. ಮಾಡಿಸಲಾ? (ವಿದ್ಯಾನಗರ, ದಾವಣಗೆರೆ)

ಉತ್ತರ: ಎಕ್ಸೋಸೋಮ್ ಇಂಜೆಕ್ಷನ್ ಬೇಡವೇ ಬೇಡ. ಪಿಆರ್‌ಪಿ ಮಾಡಿಸಿಕೊಂಡರೆ ತಪ್ಪಲ್ಲ, ಆದರೆ ಇಳಿದ ಕೆನ್ನೆಯನ್ನು ಅದು ಎತ್ತುವುದಿಲ್ಲ. ಮುಂಗಡವಂತೂ ಒಂದು ರೂಪಾಯಿ ಕಟ್ಟಬೇಡಿ.

ಇವೆರಡನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿಕೊಡುವುದೇ ನನಗೆ ಸಿಟ್ಟು ತರಿಸುವ ವಿಷಯ. ಪಿಆರ್‌ಪಿ ಅಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ, ಅದು ನಿಮ್ಮದೇ ರಕ್ತ. ಎಕ್ಸೋಸೋಮ್ ಯಾರದೋ ಜೀವಕೋಶದಿಂದ, ಎಲ್ಲೋ ತಯಾರಾಗಿ ಬಂದದ್ದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ದಾಟಿಸಿಬಿಡುತ್ತಾರೆ.

ಪಿಆರ್‌ಪಿ ಮಾಡುವಾಗ ನಿಮ್ಮ ತೋಳಿನಿಂದ ರಕ್ತ ತೆಗೆದು ಟ್ಯೂಬನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಹೊರಗೆ ಬಂದಾಗ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಲು ಹೇಳಿ. ತಳದಲ್ಲಿ ಕಡುಗೆಂಪು, ಅದರ ಮೇಲೆ ದಾರದೆಳೆಯಷ್ಟು ತೆಳುವಾದ ಬಿಳಿ ಪದರ, ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ. ನಮಗೆ ಬೇಕಾದ ಪ್ಲೇಟ್‌ಲೆಟ್‌ಗಳು ಆ ಬಿಳಿ ಪದರದ ಆಸುಪಾಸಿನಲ್ಲಿರುತ್ತವೆ. ಮಾಮೂಲಿ ರಕ್ತದ ಪ್ರತಿ ಮೈಕ್ರೋಲೀಟರಿನಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುವ ಪ್ಲೇಟ್‌ಲೆಟ್ ಇಲ್ಲಿ ಹತ್ತು ಲಕ್ಷದ ಹತ್ತಿರ ಬಂದರೆ ಕೆಲಸಕ್ಕೆ ಬರುತ್ತದೆ. ಎಲ್ಲ ಕ್ಲಿನಿಕ್ಕಿನಲ್ಲೂ ಅಷ್ಟು ಬರುವುದಿಲ್ಲ, ಎಣಿಸಿ ನೋಡುವವರು ಇನ್ನೂ ಕಡಿಮೆ. ಪ್ಲೇಟ್‌ಲೆಟ್ ಒಡೆದಾಗ ಗಾಯ ಮಾಯಿಸುವ ಗ್ರೋತ್ ಫ್ಯಾಕ್ಟರ್‌ಗಳು ಹೊರಬರುತ್ತವೆ. ಕೂದಲು ತೆಳ್ಳಗಾಗುವವರಿಗೆ, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆ ಮೊಡವೆ ಕಲೆಗೆ ಇದರಿಂದ ಒಂದಿಷ್ಟು ಅನುಕೂಲವಿದೆ. ಸುಕ್ಕಿಗೆ ಸಿಗುವ ಫಲ ಸಾಧಾರಣ. ಹತ್ತು ವರ್ಷ ಹಿಂದಕ್ಕೆ ಹೋಗುವ ಮಾತು ಶುದ್ಧ ಸುಳ್ಳು.

ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆದಿರಬೇಕು, ಸೂಜಿ ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ಬರಬೇಕು. ಇದನ್ನು ಕೇಳಲು ಸಂಕೋಚಪಡಬೇಡಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿಯೇ ಇಲ್ಲದ ಒಂದು ಸ್ಪಾ ಇದೇ ಪಿಆರ್‌ಪಿ ಫೇಶಿಯಲ್ ಮಾಡುತ್ತಿತ್ತು. ಅಲ್ಲಿಗೆ ಹೋದ ಮಹಿಳೆಯೊಬ್ಬರಿಗೆ 2018ರಲ್ಲಿ ಎಚ್‌ಐವಿ ಪತ್ತೆಯಾಯಿತು, ಆಮೇಲೆ ಇನ್ನಷ್ಟು ಜನರಿಗೆ. ತಪಾಸಣೆಗೆ ಹೋದವರಿಗೆ ಅಡುಗೆಮನೆಯ ಕಟ್ಟೆಯ ಮೇಲೆ, ಫ್ರಿಜ್ಜಿನಲ್ಲಿ ತಿಂಡಿಯ ಪಕ್ಕ ಹೆಸರಿಲ್ಲದ ರಕ್ತದ ಟ್ಯೂಬುಗಳು ಸಿಕ್ಕವು. 2024ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಇದರ ವರದಿ ಪ್ರಕಟಿಸಿತು. ಚಿಕಿತ್ಸೆಯ ಹೆಸರು ಎಷ್ಟೇ ಹೊಸದಿರಲಿ, ಅಪಾಯ ಮಾತ್ರ ಹಳೆಯದು: ಒಬ್ಬರ ರಕ್ತ ಇನ್ನೊಬ್ಬರಿಗೆ ಮುಟ್ಟುವುದು.

ಇನ್ನು ಎಕ್ಸೋಸೋಮ್. ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಹೊರಬಿಡುವ 30ರಿಂದ 150 ನ್ಯಾನೋಮೀಟರ್ ಗಾತ್ರದ ಪೊಟ್ಟಣಗಳಿವು. ಒಳಗೆ ಪ್ರೋಟೀನ್, ಆರ್‌ಎನ್‌ಎ ಇರುತ್ತವೆ. ಪ್ರಯೋಗಾಲಯದಲ್ಲಿ ಇವು ಚರ್ಮದ ಕೋಶಗಳನ್ನು ಕೊಲಾಜನ್, ಅಂದರೆ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್, ಮಾಡಲು ಪ್ರಚೋದಿಸುವುದು ನಿಜ, ಸಂಶೋಧನೆ ನಡೆಯಲೇಬೇಕಾದ ವಿಷಯ. ಆದರೆ ಯಾವ ಕೋಶದಿಂದ ತೆಗೆಯಬೇಕು, ಒಂದು ಸೀಸೆಯಲ್ಲಿ ಎಷ್ಟಿರಬೇಕು, ಹೇಗೆ ಶುದ್ಧ ಮಾಡಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದೇ ಒಂದು ಎಕ್ಸೋಸೋಮ್ ಔಷಧಕ್ಕೂ ಒಪ್ಪಿಗೆ ಕೊಟ್ಟಿಲ್ಲ. ನೆಬ್ರಾಸ್ಕಾದಲ್ಲಿ ಇದನ್ನು ಪಡೆದವರಿಗೆ ತೊಂದರೆಯಾದ ಮೇಲೆ 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಟೆಮ್ ಸೆಲ್ (ಮೂಲಕೋಶ) ಅನ್ನು ರೂಢಿಯ ಚಿಕಿತ್ಸೆಯಾಗಿ ಒಪ್ಪಿದ್ದು ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಗೆ. ಸುಕ್ಕು, ಕೆನ್ನೆ, ಹೊಳಪು ಯಾವುದೂ ಅದರಲ್ಲಿಲ್ಲ.

ಹರಿಹರದ ಒಬ್ಬರು ತಮಗೆ ಚುಚ್ಚಿದ ಸೀಸೆಯನ್ನೇ ನನಗೆ ತಂದು ತೋರಿಸಿದರು. ಹೆಬ್ಬೆರಳಿನಷ್ಟು ಗಾಜು, ತಳದಲ್ಲಿ ಸ್ವಲ್ಪ ಬಿಳಿ ಪುಡಿ ಅಂಟಿಕೊಂಡಿತ್ತು, ಸುತ್ತ ಕೊರಿಯನ್ ಬರಹ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲು ಮಾತ್ರ ಇಂಗ್ಲಿಷಿನಲ್ಲಿತ್ತು: ಹೊರಲೇಪನಕ್ಕೆ ಮಾತ್ರ. ಮೇಲೆ ಹಚ್ಚಬೇಕಾದ ಕಾಸ್ಮೆಟಿಕ್ಕನ್ನು ಸೂಜಿಯಲ್ಲಿ ತುಂಬಿ ಮುಖದೊಳಕ್ಕೆ ಬಿಟ್ಟಿದ್ದರು. ಕೆನ್ನೆ ತುಂಬ ಗಂಟು ಗಂಟಾಗಿತ್ತು. ನಿಮ್ಮ ಕ್ಲಿನಿಕ್‌ನವರನ್ನೂ ಸೀಸೆ ಕೇಳಿ, ಚೀಟಿ ಓದಿ, ಫೋಟೊ ತೆಗೆದುಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ.

ಈ ಹತ್ತು ವರ್ಷದ ಮಾತಿಗೆ ಕ್ಲಿನಿಕ್‌ನವರು ಒಂದು ಸುದ್ದಿಯನ್ನು ಆಧಾರವಾಗಿ ತೋರಿಸುವುದುಂಟು. 2022ರಲ್ಲಿ ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಸಂಸ್ಥೆಯ ವಿಜ್ಞಾನಿಗಳು 53 ವರ್ಷದ ಮಹಿಳೆಯ ಚರ್ಮಕೋಶಗಳ ವಯಸ್ಸನ್ನು ಸುಮಾರು 30 ವರ್ಷ ಹಿಂದಕ್ಕೆ ತಂದರು. ಅದ್ಭುತ ಕೆಲಸ. ಆದರೆ ಅವು ಪ್ರಯೋಗಾಲಯದ ತಟ್ಟೆಯಲ್ಲಿದ್ದ ಕೋಶಗಳು. ಯಾರ ಮುಖದ ಮೇಲೂ ಅದು ನಡೆದಿಲ್ಲ, ಸೀಸೆಯಲ್ಲಿ ಮಾರಾಟಕ್ಕೂ ಬಂದಿಲ್ಲ.

ಹಾಗಾದರೆ ಏನು ಮಾಡಬೇಕು? ರಾತ್ರಿ ಟ್ರೆಟಿನಾಯಿನ್ (ವಿಟಮಿನ್ ಎ ಜಾತಿಯ ಕ್ರೀಮು), ಹಗಲು ಸನ್‌ಸ್ಕ್ರೀನ್. ಎರಡೂ ಹಳೆಯವು, ಅಗ್ಗದವು. ಆಸ್ಟ್ರೇಲಿಯಾದ ನಾಂಬೂರ್‌ನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಬೇಕೆಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ ಮುಪ್ಪಾಗಿತ್ತು. ಟ್ರೆಟಿನಾಯಿನ್ ಶೇ 0.025ರದ್ದು, ಕಡಲೆಕಾಳಿನಷ್ಟು, ಮೊದಲು ಎರಡು ದಿನಕ್ಕೊಮ್ಮೆ. ಚರ್ಮ ಸುಲಿಯುತ್ತದೆ, ಉರಿಯುತ್ತದೆ, ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ವೈದ್ಯರ ಚೀಟಿಯಿಂದಲೇ ತಗೊಳ್ಳಿ. ಇದನ್ನು ಓದುತ್ತಿರುವ ಗರ್ಭಿಣಿಯರು ಮುಟ್ಟಲೇಬಾರದು.

ಮದುವೆಗೆ ಮಾತ್ರ ಎನ್ನುವುದಾದರೆ ಕಣ್ಣಂಚಿನ ಗೆರೆಗೆ ಬೊಟಾಕ್ಸ್ ಆಗಬಹುದು, ಒಂದು ತಿಂಗಳು ಮೊದಲೇ. ಮೂರು ನಾಲ್ಕು ತಿಂಗಳು ಇರುತ್ತದೆ. ಕೆನ್ನೆಗೆ ಫಿಲ್ಲರ್ (ಚರ್ಮದಡಿ ತುಂಬುವ ಜೆಲ್) ಹಾಕಿಸುವ ಮನಸ್ಸಿದ್ದರೆ, ಮೊದಲು ಹಯಲ್ಯುರೊನಿಡೇಸ್ ಇದೆಯಾ ಎಂದು ಕೇಳಿ. ಹಯಲ್ಯುರೊನಿಕ್ ಫಿಲ್ಲರ್ ಅಪ್ಪಿತಪ್ಪಿ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯುತ್ತದೆ, ಕಣ್ಣೇ ಹೋದದ್ದೂ ಇದೆ. ಅಂಥ ಫಿಲ್ಲರನ್ನು ಕರಗಿಸುವ ಔಷಧ ಅದು. ಆ ಹೆಸರೇ ಕೇಳದವರ ಕೈಗೆ ಮುಖ ಕೊಡಬೇಡಿ. ನಾನಾದರೆ ಮದುವೆಗೆ ಎರಡು ತಿಂಗಳಿರುವಾಗ ಯಾರಿಗೂ ಮೊದಲ ಸಲ ಫಿಲ್ಲರ್ ಹಾಕುವುದಿಲ್ಲ.

ಪ್ರಶ್ನೆ: ಬೊಟಾಕ್ಸ್ ಹಾವಿನ ವಿಷವಂತೆ, ಹೌದಾ? (ಪಿ.ಜೆ. ಬಡಾವಣೆ)

ಉತ್ತರ: ಅಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷ, ಅತಿ ಸಣ್ಣ ಪ್ರಮಾಣದಲ್ಲಿ.

ಪ್ರಶ್ನೆ: ಗ್ಲುಟಾಥಯೋನ್ ಡ್ರಿಪ್ ಹಾಕಿಸಿಕೊಂಡರೆ ಬೆಳ್ಳಗಾಗ್ತಾರಾ? (ಚಿತ್ರದುರ್ಗ)

ಉತ್ತರ: ಬಣ್ಣಕ್ಕಾಗಿ ರಕ್ತನಾಳಕ್ಕೆ ಏನನ್ನೂ ಏರಿಸಿಕೊಳ್ಳಬೇಡಿ.

ಪ್ರಶ್ನೆ: ಕೊಲಾಜನ್ ಪುಡಿ? (ಜಗಳೂರು)

ಉತ್ತರ: ಹೊಟ್ಟೆಯಲ್ಲಿ ಅದು ಉಳಿದ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಆ ದುಡ್ಡಿಗೆ ಮೊಟ್ಟೆ, ಬೇಳೆ ತನ್ನಿ.

ಪ್ರಶ್ನೆ: ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಕೆನ್ನೆ ಮೇಲೆ ಬಂಗು. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮಿಗೆ ಹದಿನೈದು ದಿನದಲ್ಲಿ ಬೆಳ್ಳಗಾಯ್ತು, ಬಿಟ್ಟರೆ ಉರಿ, ಮತ್ತೂ ಕಪ್ಪು. ಎರಡು ವರ್ಷದಿಂದ ಹಚ್ಚುತ್ತಿದ್ದೇನೆ. (ದಾವಣಗೆರೆ)

ಉತ್ತರ: ತಾಯಿ, ತಪ್ಪು ನಿಮ್ಮದಲ್ಲ. ನೀವು ಹೇಳುವ ಲಕ್ಷಣ ನೋಡಿದರೆ ಅದರಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್ ಅಥವಾ ಕ್ಲೊಬೆಟಸಾಲ್‌ನಂಥ ಸ್ಟೆರಾಯ್ಡ್ ಇದೆ. ಸ್ಟೆರಾಯ್ಡ್ ಬೆರೆತ ಬಂಗಿನ ಕ್ರೀಮು ವೈದ್ಯರ ನಿಗಾದಲ್ಲಿ ಕೆಲವೇ ವಾರ ಹಚ್ಚುವಂಥದ್ದು. 2018ರಿಂದ ಇವುಗಳಿಗೆ ವೈದ್ಯರ ಚೀಟಿ ಕಡ್ಡಾಯ, ಆದರೂ ಕೌಂಟರಿನಲ್ಲಿ ಕೈಗೆ ಕೊಡುತ್ತಾರೆ. ಇದು ಅಪರಾಧ. ಒಳಗೇನಿದೆ ಎಂದು ಬರೆದ ಲೇಬಲ್ಲೇ ಇಲ್ಲದ ಡಬ್ಬಿ ಕ್ರೀಮುಗಳಂತೂ ಇನ್ನೂ ಕೆಟ್ಟವು. ಬಿಳುಪಿನ ಕ್ರೀಮಿನ ಪಾದರಸದಿಂದ ಕೇರಳದ ಮಲಪ್ಪುರಂನಲ್ಲಿ ಮೂತ್ರಪಿಂಡವೇ ಕೆಟ್ಟ ಪ್ರಕರಣಗಳು 2023ರಲ್ಲಿ ಬೆಳಕಿಗೆ ಬಂದಿವೆ. ಸ್ಟೆರಾಯ್ಡನ್ನು ದಿಢೀರನೆ ನಿಲ್ಲಿಸಿದರೆ ಮುಖ ಕೆಂಡವಾಗುತ್ತದೆ, ಹಂತ ಹಂತವಾಗಿ ಬಿಡಿಸಬೇಕು. ಟ್ಯೂಬು ಹಿಡಿದುಕೊಂಡೇ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಭಟ್ಟಿಯ ಶಾಖಕ್ಕೂ ಬಂಗು ಹೆಚ್ಚುತ್ತದೆ. ಬಿಸಿಲಿನ ಬೆಳಕನ್ನು ತಡೆಯಲು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಬೇಕು, ಬರೀ ಬಿಳಿ ಸನ್‌ಸ್ಕ್ರೀನ್ ಸಾಲದು. ಒಲೆಯ ಎದುರಿನ ಸರದಿಯನ್ನು ಬೇರೆಯವರ ಜೊತೆ ಬದಲಿಸಿಕೊಳ್ಳಲು ಆಗುವುದಾದರೆ ಬದಲಿಸಿಕೊಳ್ಳಿ.

ಪ್ರಶ್ನೆ: ಮಗನಿಗೆ 19. ಮೊಣಕಾಲಿನ ಮೇಲೆ ತೊನ್ನು. ನಾಟಿ ಎಣ್ಣೆ ಹಚ್ಚಿ ಬೊಬ್ಬೆ ಎದ್ದಿದೆ. ಸ್ಟೆಮ್ ಸೆಲ್ ಚಿಕಿತ್ಸೆ ಇದೆಯಾ? (ಹಿರಿಯೂರು)

ಉತ್ತರ: ಚರ್ಮಕ್ಕೆ ಮರುಹುಟ್ಟು ಕೊಡುವ ಚಿಕಿತ್ಸೆ ಎಂದು ನಿಜಕ್ಕೂ ಕರೆಯಬಹುದಾದದ್ದು ನಿಮ್ಮ ಮಗನಿಗೇ ಸಿಗುತ್ತದೆ. ಅದು ಸ್ಟೆಮ್ ಸೆಲ್ ಅಲ್ಲ. ತೊಡೆಯಿಂದ ಸ್ಟ್ಯಾಂಪಿನಷ್ಟು ತೆಳು ಚರ್ಮ ತೆಗೆದು, ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಕೋಶಗಳನ್ನು ಬಿಡಿಸಿ, ಬಿಳಿ ಮಚ್ಚೆಯ ಮೇಲ್ಪದರ ಉಜ್ಜಿ ಅದರ ಮೇಲೆ ಹರಡುತ್ತಾರೆ. ತೆಗೆದ ಚರ್ಮದ ಹಲವು ಪಟ್ಟು ದೊಡ್ಡ ಜಾಗ ಅದೇ ದಿನ ಮುಚ್ಚುತ್ತದೆ, ಮುಂದಿನ ತಿಂಗಳುಗಳಲ್ಲಿ ಬಣ್ಣ ನಿಧಾನಕ್ಕೆ ಬರುತ್ತದೆ. ಇದೇ ವಿಜ್ಞಾನದ ಇನ್ನೊಂದು ಕವಲು, 2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ ಜೀನ್ ದೋಷದ ಕಾಯಿಲೆಯಿಂದ ಮೈಯ ಶೇ 80ರಷ್ಟು ಚರ್ಮ ಕಳೆದುಕೊಂಡಿದ್ದ ಏಳು ವರ್ಷದ ಬಾಲಕನಿಗೆ, ಅವನದೇ ಕೋಶಗಳ ಜೀನ್ ಸರಿಪಡಿಸಿ ಬೆಳೆಸಿದ ಹೊಸ ಚರ್ಮ ಕೊಟ್ಟಿತು.

ಆದರೆ ನಿಮ್ಮ ಮಗನಿಗೆ ಕೋಶ ಹರಡುವ ಆ ಚಿಕಿತ್ಸೆ ಮಾಡಬೇಕಾದರೆ ಮಚ್ಚೆ ಕನಿಷ್ಠ ಒಂದು ವರ್ಷದಿಂದ ಬೆಳೆದಿರಬಾರದು. ಆ ಎಣ್ಣೆಯ ಗಾಯವಾದ ಕಡೆಯೇ ಹೊಸ ಮಚ್ಚೆ ಏಳಬಹುದು, ಆಗ ವರ್ಷದ ಲೆಕ್ಕ ಮೊದಲಿಂದ ಶುರು. ಎಣ್ಣೆ ಇವತ್ತೇ ನಿಲ್ಲಿಸಿ. ಮಚ್ಚೆಯ ಅಂಚು ಕಾಣುವಂತೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತಿಂಗಳಿಗೊಂದು ಫೋಟೊ ತೆಗೆಯಿರಿ, ಬೊಬ್ಬೆ ಮಾಯ್ದ ಮೇಲೆ ಆ ಫೋಟೊಗಳ ಜೊತೆ ಕರೆದುಕೊಂಡು ಬನ್ನಿ.